ಎರ್ಮಾಳಿನ ಪದ್ಮಿನಿ

ಹರ್ಷಿತನ ಫೋನಿನಲ್ಲಿ ಹಳೆ ಕಾರುಗಳ ಸಂತೆಯೇ ನೆರೆದಿತ್ತು. ಪ್ರೀಮಿಯರ್ ಪದ್ಮಿನಿ ಮಾರಾಟಕ್ಕಿದೆ ಎಂದು ಕಂಡಲ್ಲೆಲ್ಲ ಕರೆ ಮಾಡುತ್ತಿದ್ದ. ಮಣಿಪಾಲದಲ್ಲಿ ಒಂದು ಸಿಕ್ಕಿತು ಕೂಡ. ಮದುವೆ ಫೋಟೊಗೆಂದು ಗುಲಾಬಿ ಬಣ್ಣ ಬಳಿಸಿಕೊಂಡು ಬೆಡಗಿನಲ್ಲಿ ನಿಂತಿತ್ತು. ಅಮ್ಮ ಗುಣವತಿ ಅದರ ಸ್ಟಿಯರಿಂಗ್ ಸವರಿ ನೋಡಿ, "ಇದಲ್ಲ ಮಗಾ" ಎಂದು ಇಳಿದುಬಿಟ್ಟಳು.

ಅವಳಿಗೆ ಬೇಕಾದದ್ದು ಗಂಡ ಶೀನನದೇ ಕಾರು. ಕಾರ್ಕಳದಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ಆ ಪದ್ಮಿನಿಯಲ್ಲಿ ಶೀನ ಅವಳಿಗೆ ಡ್ರೈವಿಂಗ್ ಕಲಿಸಿದ್ದ, ಕಾಪುವಿನ ಖಾಲಿ ರಸ್ತೆಯಲ್ಲಿ. ನೋಡಿದವರು ಮುಸಿಮುಸಿ ನಕ್ಕರೂ ಬಿಡಲಿಲ್ಲ, ಪುಣ್ಯಾತ್ಮ. ಲೈಸೆನ್ಸ್ ಮಾಡಿಸುವ ಮೊದಲೇ ಕಾರು ಮಾರಿಹೋಯಿತು. ಈಗ ಶೀನನೂ ಇಲ್ಲ. ಒಂದೇ ಒಂದು ಸಲ ಅದನ್ನು ತಾನೇ ಓಡಿಸಬೇಕೆಂಬುದು ಗುಣವತಿಯ ಆಸೆ. ಬಾಯಿಬಿಟ್ಟು ಎಂದೂ ಏನೂ ಕೇಳದ ಅಮ್ಮ ಕೇಳಿದ್ದು ಇದೊಂದನ್ನೇ. ಹುಡುಕಿಕೊಡದಿದ್ದರೆ ತಾನೆಂಥ ಮಗ ಎಂದು ಹರ್ಷಿತನಿಗೆ ಒಳಗೊಳಗೇ ಕೊರೆಯುತ್ತಿತ್ತು.

ವಿಚಾರಿಸುತ್ತ ಹೋದಾಗ, ಕಾರು ಕೊಂಡಿದ್ದ ಪೆರ್ಡೂರಿನವರು ಅದನ್ನು ಎರ್ಮಾಳಿನ ಮೀನು ವ್ಯಾಪಾರಿ ಕೂಸಪ್ಪನಿಗೆ ಕೊಟ್ಟೆವೆಂದು ಹೇಳಿ ನಂಬರು ಕೊಟ್ಟರು. ಹರ್ಷಿತ ಕೂಡಲೇ ಕರೆ ಮಾಡಿದ.

"ಪದ್ಮಿನಿ ಈಗಲೂ ಉಂಟಾ, ಕೂಸಪ್ಪಣ್ಣ?"

"ಉಂಟಲ್ಲ! ಮಾರುವುದಕ್ಕೇ ಇಟ್ಟದ್ದು."

"ಇಂಜಿನ್ ಹೇಗುಂಟು?"

"ಒಂದೇ ಸಲಕ್ಕೆ ಸ್ಟಾರ್ಟ್. ಪೇಂಟ್ ಮಾತ್ರ ಹೋಗಿದೆ ಮಾರಾಯ್ರೇ, ಉಪ್ಪುಗಾಳಿ ಅಲ್ವಾ?"

"ಎಷ್ಟು ಜನ ಕೂರಬಹುದು?"

"ಎಂಟು ಜನ ಆರಾಮ. ಬಲೆ ಇದ್ದರೆ ಆರು."

ಬಲೆ ಏಕೆ ಬಂತು? ಹರ್ಷಿತ ತಲೆ ಕೆರೆದುಕೊಂಡ. ಮೀನಿನವರ ಕಾರು, ಡಿಕ್ಕಿಯಲ್ಲಿ ಬಲೆ ಇರದೆ ಮತ್ತೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಮ್ಮ ಆಗಲೇ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಎರ್ಮಾಳಿನಲ್ಲಿ ಕೂಸಪ್ಪ ಅವರನ್ನು ಅಂಗಳ ದಾಟಿಸಿ ಕಡಲ ಬದಿಗೆ ಕರೆದೊಯ್ದ. ಟಾರ್ಪಾಲು ಎಳೆದ. ಮರಳಿನ ಮೇಲೆ ದೋಣಿಯೊಂದು ಕೂತಿತ್ತು. ಮೂತಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಪದ್ಮಿನಿ.

"ಕಾರು ಎಲ್ಲಿ?" ಎಂದ ಹರ್ಷಿತ.

"ಎಂತ ಕಾರು?" ಎಂದ ಕೂಸಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಹರ್ಷಿತ ಅಪ್ಪನ ಹೆಸರು ಹೇಳಿದ ಮೇಲೆ ಕೂಸಪ್ಪ ಹಣೆ ಬಡಿದುಕೊಂಡ.

"ಶೀನಣ್ಣನ ಕಾರಾ! ಅದು ತುಕ್ಕು ಹಿಡಿದು ಗುಜರಿಗೆ ಹೋಗಿ ಕಾಲ ಆಯಿತು. ನನಗೆ ಅದೃಷ್ಟ ತಂದ ಗಾಡಿ ಅದು, ಅದಕ್ಕೇ ದೋಣಿಗೆ ಆ ಹೆಸರು. ಸ್ಟಿಯರಿಂಗ್ ಒಂದನ್ನು ಮಾತ್ರ ಬಿಚ್ಚಿ ಇದಕ್ಕೆ ಹಾಕಿಸಿದ್ದೇನೆ."

ಹರ್ಷಿತನಿಗೆ ದಿಕ್ಕು ತೋಚಲಿಲ್ಲ. ಅಮ್ಮನಿಗೆ ಏನೆಂದು ಹೇಳುವುದು? ತಿರುಗಿ ನೋಡಿದರೆ ಅಮ್ಮ ಅಲ್ಲಿಲ್ಲ. ಸೆರಗು ಸಿಕ್ಕಿಸಿಕೊಂಡು ದೋಣಿ ಹತ್ತಿಯಾಗಿತ್ತು.

ಸ್ಟಿಯರಿಂಗ್ ಬಿರುಕುಬಿಟ್ಟಲ್ಲಿ ಶೀನ ಸುತ್ತಿದ್ದ ಹಸಿರು ವಯರು ಹಾಗೇ ಇತ್ತು. ಗುಣವತಿ ಅದರ ಮೇಲೆ ಬಲಗೈ ಇಟ್ಟಳು. ಎಡಗೈ ತಾನಾಗಿಯೇ ಸ್ಟಿಯರಿಂಗ್ ಹಿಂದೆ ಹೋಗಿ ಗಾಳಿಯಲ್ಲಿ ಏನನ್ನೋ ತಡಕಾಡಿತು.

"ಕಾರಿನ ಹಾಗೆ ಗೇರು ಅಲ್ಲಿಲ್ಲ ಅಕ್ಕ, ಕೆಳಗೆ ಇಂಜಿನ್ ಹತ್ತಿರ ಉಂಟು" ಎಂದ ಕೂಸಪ್ಪ.

ಕೆಳಗಿಳಿಸೋಣವೆಂದು ಹರ್ಷಿತ ಕೈ ಚಾಚಿದ. ಅಮ್ಮ ಆ ಕೈಯನ್ನು ಗಮನಿಸಲೇ ಇಲ್ಲ. ಕಣ್ಣೊರೆಸಿಕೊಂಡು ಎದುರಿನ ಕಡಲನ್ನೊಮ್ಮೆ ನೋಡಿ, ಕೂಸಪ್ಪನ ಕಡೆ ತಿರುಗಿದಳು.

"ಇದಕ್ಕೂ ಲೈಸೆನ್ಸ್ ಬೇಕಾ?"