ಕೂರುವ ಅಳತೆ

ರಾಯದುರ್ಗದಲ್ಲಿ ಯಾವ ಓಣಿಗೆ ಹೋದರೂ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು ಕೇಳುತ್ತದೆ. ಹೊಲಿಯುವವರಿಗೇನೂ ಕೊರತೆಯಿಲ್ಲ. ಆದರೆ ಎಂಬತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಕರೆಂಟಿನ ಕಟರ್ ಹಿಡಿದು, ಮೇಲಿನ ಪದರಕ್ಕೂ ತಳದ ಪದರಕ್ಕೂ ದಾರದೆಳೆಯಷ್ಟು ಹೆಚ್ಚುಕಡಿಮೆ ಬಾರದಂತೆ ಕತ್ತರಿಸುವವರು ಬೆರಳೆಣಿಕೆಯಷ್ಟು ಜನ. ಮರುಳಸಿದ್ದಪ್ಪ ಅವರಲ್ಲೊಬ್ಬ. ಅರವತ್ತೊಂದು ದಾಟಿದ್ದರೂ ಯೂನಿಟ್ಟಿನಲ್ಲಿ ಅವನು ಗೆರೆ ಎಳೆಯದೆ ಒಂದು ಬೇಲ್ ಬಟ್ಟೆಗೂ ಕತ್ತರಿ ಬೀಳುತ್ತಿರಲಿಲ್ಲ.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಅದು ಸೇವೆ. ಅವನ ಕುಲದವರಲ್ಲಿ ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿಯಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರಂತೆಯೇ ಮಣ್ಣಿಗೆ ಒಪ್ಪಿಸುತ್ತಾರೆ. ಉಸಿರು ಹೋಗಿ ದೇಹ ಸೆಟೆಯುವ ಮುಂಚೆ ಕಾಲು ಮಡಿಸಿ ಕೂರಿಸಬೇಕು. ಅವಸರ ಮಾಡಿದರೆ ನೋಡುವವರು ಮುಖ ತಿರುಗಿಸುತ್ತಾರೆ, ತಡ ಮಾಡಿದರೆ ಕಾಲು ಮಾತು ಕೇಳುವುದಿಲ್ಲ. ಮೂವತ್ತು ವರ್ಷದಿಂದ ಆ ಓಣಿಗಳಲ್ಲಿ ಯಾರು ಶಿವನ ಪಾದ ಸೇರಿದರೂ ಮರುಳಸಿದ್ದಪ್ಪನ ಕೈಯೇ ಅವರನ್ನು ಕೂರಿಸಿತ್ತು.

ಅಂಥವನ ಬಲಸೊಂಟವೇ ಎರಡು ವರ್ಷದಿಂದ ಕೈಕೊಟ್ಟಿತ್ತು. ನಡೆದರೆ ತೊಡೆಯ ಸಂದಿನಲ್ಲಿ ಸೂಜಿ ಮುರಿದಂತೆ ನೋವು. ಕೆಳಗೆ ಕೂರಲು ಆಗದೆ ಮಂಚದ ಅಂಚಿನಲ್ಲೇ ಲಿಂಗಪೂಜೆ. ಬಳ್ಳಾರಿಯ ಮೂಳೆ ಡಾಕ್ಟರು ಆದಿನಾರಾಯಣ ಎಕ್ಸ್‌ರೇ ಫೋಟೊ ತೆಗೆಸಿ ನೋಡಿ, ತೊಡೆಮೂಳೆಯ ತಲೆಯ ಗುಂಡಿನ ಭಾಗಕ್ಕೆ ರಕ್ತ ಹರಿಯುವುದು ನಿಂತು ಅದು ಒಣಗಿದೆ, ಅದನ್ನು ತೆಗೆದು ಬೇರೆ ಕೀಲು ಕೂಡಿಸಬೇಕು ಎಂದಿದ್ದರು. ಅನಂತಪುರದ ಕಡೆಯ ತೆಲುಗು ಮನುಷ್ಯ, ಮಾತು ಮೆತ್ತಗೆ, ಹಿರಿಯರನ್ನೆಲ್ಲ ಪೆದ್ದಾಯನ ಎಂದೇ ಕರೆಯುವವರು.

"ಭಯ ಬೇಡ ಪೆದ್ದಾಯನಾ. ವಿಮಾನಕ್ಕೆ ಹಾಕೋ ಲೋಹ ಅದು. ತುಕ್ಕಿಲ್ಲ, ತೂಕ ಇಲ್ಲ."

ಮರುಳಸಿದ್ದಪ್ಪ ತಲೆಯಾಡಿಸಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ಆವತ್ತಿನಿಂದ ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಕಟರ್ ಆರಿಸಿ, ಗೋಡೆ ಹಿಡಿದು ಹೊರಗೆ ಬಂದು, ಅದು ಬೆಟ್ಟದ ಕೋಟೆಯಾಚೆ ಕರಗುವ ತನಕ ನೋಡುತ್ತಿದ್ದ. ಅಷ್ಟು ದೊಡ್ಡದನ್ನು ಹೊತ್ತ ಲೋಹ ಒಂದು ಮುಷ್ಟಿಯಷ್ಟಾಗಿ ಮನುಷ್ಯನ ತೊಡೆಯೊಳಗೆ ಹೇಗೆ ಇದ್ದೀತು ಎಂಬುದು ಅವನಿಗೆ ತಿಳಿಯದು. ತಿಳಿಯುವ ಆಸೆ ಮಾತ್ರ ದಿನದಿನಕ್ಕೂ ಬೆಳೆಯಿತು.

ಹೆಂಡತಿ ದ್ರಾಕ್ಷಾಯಣಮ್ಮ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, ಯೂನಿಟ್ಟಿನಲ್ಲಿ ಸೀಜನ್ನು.

"ವರ್ಷಾ ಪೂರ್ತಿ ಸೀಜನ್ನೇ ಇರ್ತೈತೇನ್ರಿ ನಿಮ್ಮ ಯೂನಿಟ್ಟಾಗ?" ಎಂದಳು ಆಕೆ ಒಂದು ದಿನ. "ಡಾಕ್ಟರು ವಿಮಾನ ಅಂದ್ರೆ ಬ್ಯಾಡ ಅಂತೀರಿ. ಕೊನೀಗೆ ಮಣ್ಣಿಗೆ ಹೊತ್ಕಂಡು ಹೋಗಾಕ ನಮ್ಮೋರು ಕಟ್ಟೋ ಬಿದಿರಿನ ವಿಮಾನ ಹೆಂಗೂ ತಪ್ಪಂಗಿಲ್ಲ, ಅಲ್ಲೀತನಕ ನಡ್ಯಾಕರ ನಡೀರಿ."

ಅವನು ನಕ್ಕ. ನಿಜವಾದ ಕಾರಣ ಹೇಳಲಿಲ್ಲ. ಆ ಕಾರಣದ ಹೆಸರು ಎರ್ರಿಸ್ವಾಮಿ.

ಎರ್ರಿಸ್ವಾಮಿ ಲಾರಿ ಡ್ರೈವರು. ಆರು ವರ್ಷದ ಹಿಂದೆ ತೀರಿಕೊಂಡ. ಅದಕ್ಕೂ ಮೊದಲು ಒಂದು ಅಪಘಾತದಲ್ಲಿ ಮಂಡಿ ಪುಡಿಯಾಗಿ, ತೊಡೆಯಿಂದ ಹಿಮ್ಮಡಿಯ ತನಕ ಉದ್ದಕ್ಕೆ ರಾಡು ಹಾಕಿದ್ದರು. ಅವನನ್ನು ಕೂರಿಸಲು ಹೋದಾಗ ಆ ಕಾಲು ಮಡಿಯಲಿಲ್ಲ. ಮೂರು ಜನ ಸೇರಿದರೂ ಆಗಲಿಲ್ಲ. ಕೊನೆಗೆ ಕುಣಿಯ ಒಂದು ಮಗ್ಗುಲನ್ನು ಮರುಳಸಿದ್ದಪ್ಪನೇ ಗುದ್ದಲಿಯಿಂದ ಮತ್ತಷ್ಟು ತೋಡಿ, ಒಂದು ಕಾಲು ಚಾಚಿದಂತೆಯೇ ಮಣ್ಣು ಕೊಡಿಸಿದ್ದ. ಅವನ ತಾಯಿ ಬಾಯಿ ಬಿಟ್ಟು ಅಳಲಿಲ್ಲ. "ಶಿವನ ಮುಂದ ಕಾಲು ಚಾಚಿ ಕುಂತಾನ ನನ್ನ ಮಗ" ಎಂದಷ್ಟೇ ಅಂದಳು. ಆ ಮಾತು ಮರುಳಸಿದ್ದಪ್ಪನ ಎದೆಯಲ್ಲಿ ಮೊಳೆಯಂತೆ ಉಳಿಯಿತು. ಮೈಯೊಳಗೆ ಲೋಹ ಹೊಕ್ಕರೆ ಶಿವನ ಮುಂದೆ ನೆಟ್ಟಗೆ ಕೂರುವ ಯೋಗ ತಪ್ಪಿತು ಎಂದು ಅವನು ಅಂದೇ ತೀರ್ಮಾನ ಮಾಡಿಕೊಂಡಿದ್ದ.

ಆ ಕಾರ್ತಿಕದಲ್ಲಿ ತಂಗಿಯ ಮಗಳು ಶಿವಲಕ್ಷ್ಮಿ ಬಂದಳು. ತಂಗಿಯನ್ನು ಕೊಟ್ಟದ್ದು ಮಡಕಶಿರಾ ಕಡೆಯ ಅಗಳಿ ಎಂಬ ಊರಿಗೆ. ಹುಡುಗಿ ಐಟಿಐ ಮುಗಿಸಿ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಮಿಷನ್ನಿಗೆ ನಿಂತಿದ್ದಳು. ತಾಯಿ ಕೊಟ್ಟ ಕಡಲೆಕಾಯಿ ಗಂಟನ್ನು ಅತ್ತೆಗೆ ಕೊಟ್ಟು, ಚೀಲದಿಂದ ಬೆರಳುದ್ದದ ಬೂದು ತುಂಡೊಂದನ್ನು ತೆಗೆದು ಸೋದರಮಾವನ ಅಂಗೈಗೆ ಹಾಕಿದಳು.

"ಅತ್ತೆ ಫೋನಾಗೆ ಹೇಳಿದ್ಲು, ನೀನು ವಿಮಾನ ನೋಡ್ಕಂಡು ನಿಂತ್ಕಂತೀಯ ಅಂತ. ತಗಾ ಮಾವ, ವಿಮಾನ."

ಅವನು ಅದನ್ನು ಎತ್ತಿ ಇಳಿಸಿ ತೂಗಿದ. "ಇದು ಲೋಹನಾ? ಬೆಂಡಿನಂಗೈತಲ್ಲವ್ವ."

"ಟೈಟಾನಿಯಂ ಅಂತಾರೆ. ಚೂರು ಬಿದ್ದಿದ್ದು, ಕೇಳಿ ಇಸ್ಕಂಡು ಬಂದೆ. ಬೆಳಗ್ಗೆ ಹೊತ್ತು ಇದ್ರಲ್ಲಿ ವಿಮಾನದ ರೆಕ್ಕೆ ಹಿಡ್ಕಳೋ ಕೊಂಡಿ ಕಡೀತೀವಿ. ಮಧ್ಯಾಹ್ನದ ಮೇಲೆ ಅದೇ ಜಾತಿ ಕಂಬೀಲಿ ತೊಡೆ ಒಳಗೆ ಇಳಿಸೋ ಗೂಟ ಮಾಡ್ತೀವಿ."

"ಅದೇ ಮಿಷನ್ನಾಗ?"

"ಅದೇ ಮಿಷನ್ನು, ಇದೇ ಕೈ."

ಅವಳು ಇನ್ನೊಂದು ಸಂಗತಿ ಹೇಳಿದಳು. ಆ ಗೂಟದ ತಲೆಯ ಗುಂಡು ಕೂರುವ ಸೊಂಟದ ಬಟ್ಟಲನ್ನು ಈಗ ಕಡೆಯುವುದೂ ಇಲ್ಲವಂತೆ. ಲೋಹದ ಪುಡಿಯನ್ನು ರಂಗೋಲಿಯಂತೆ ಪದರ ಪದರವಾಗಿ ಹರಡಿ, ಬೆಳಕಿನ ಕಿರಣದಿಂದ ಕರಗಿಸಿ ಕಟ್ಟುತ್ತಾರಂತೆ. ವಿಮಾನದ ಎಂಜಿನ್ನಿಗೆ ಹಗುರವಾದ ಭಾಗ ಬೇಕೆಂದು ಬೆಳೆಸಿದ ಕೆಲಸ ಅದು. ಹಾಗೆ ಕಟ್ಟಿದ ಬಟ್ಟಲ ಹೊರಮೈ ಜೇನುಹುಟ್ಟಿನಂತೆ ತೂತುತೂತು. ಆ ತೂತುಗಳೊಳಗೆ ನಮ್ಮದೇ ಮೂಳೆ ಬೆಳೆದು ಹೊಕ್ಕು ಹಿಡಿದುಕೊಳ್ಳುತ್ತದೆ.

"ಮೂಳೆ ಲೋಹಾನ ಹಿಡ್ಕೊಳತೈತಿ," ಮರುಳಸಿದ್ದಪ್ಪ ತನಗೇ ಹೇಳಿಕೊಂಡ. "ಎಷ್ಟು ದಿನ ಬಾಳತೈತಿ ಅಂತ ಹೆಂಗ ತಿಳೀತಾರ?"

"ವಿಮಾನದ ರೆಕ್ಕೇನ ಬಗ್ಸಿ ಬಗ್ಸಿ ನೋಡ್ತಾರಲ್ಲ, ಎಷ್ಟನೇ ಸಲಕ್ಕೆ ಬಿರುಕು ಬಿಡ್ತದೆ ಅಂತ? ಹಂಗೇ ಈ ಕೀಲಿಗೂ ಒಂದು ಮಿಷನ್ನು ಐತೆ. ಹಗಲೂ ರಾತ್ರಿ ನಡೀತಾನೇ ಇರ್ತದೆ. ಐವತ್ತು ಲಕ್ಷ ಹೆಜ್ಜೆ, ಮೇಲೂ ಹೋಗ್ತದೆ."

ಮಾವ ಆ ತುಂಡನ್ನು ಬೆರಳಲ್ಲಿ ಹೊರಳಿಸಿದ. ಆಮೇಲೆ ಕೇಳಿದ. "ನಡ್ಯೋದು ಸರಿ. ಆ ಮಿಷನ್ನು ಕುಂದರತೈತೇನು?"

ಶಿವಲಕ್ಷ್ಮಿ ಗೊತ್ತಿಲ್ಲವೆಂದೇ ಹೇಳಿ, ನಮ್ಮ ವರ್ಕ್‌ಶಾಪಿನ ಎಂಜಿನಿಯರಮ್ಮನ್ನ ಕೇಳ್ತೀನಿ ಎಂದಳು. ಹದಿನೈದು ದಿನಕ್ಕೆ ಅವಳ ಫೋನು ಬಂತು. ಮೊದಮೊದಲು ನಡೆಯುವ ಪರೀಕ್ಷೆಯೊಂದೇ ಇದ್ದದ್ದಂತೆ, ಕುರ್ಚಿಯಲ್ಲೇ ಕೂರುವ ದೇಶದವರು ಮಾಡಿದ್ದು. ಈಗೀಗ ನೆಲದ ಮೇಲೆ ಕೂರುವ ಜನಕ್ಕಾಗಿ ಕುಕ್ಕರಗಾಲು, ಚಕ್ಕಳಮಕ್ಕಳ, ನಮಾಜಿನ ಭಂಗಿ ಎಲ್ಲವನ್ನೂ ಮಿಷನ್ನಿಗೆ ಕಲಿಸುತ್ತಿದ್ದಾರಂತೆ. ಗುಂಡು ದೊಡ್ಡದಾದಷ್ಟೂ ಬಟ್ಟಲಿನಿಂದ ಜಾರುವುದು ಕಡಿಮೆಯಂತೆ. ಒಂದು ವಿಡಿಯೊ ಕೂಡ ಕಳಿಸಿದಳು. ತಲೆಯಿಲ್ಲದ, ಕೈಯಿಲ್ಲದ ಒಂದು ಕೀಲು ನೀರಿನ ತೊಟ್ಟಿಯೊಳಗೆ ಮಡಚಿ, ಹೊರಳಿ, ಬಿಚ್ಚಿ, ಮತ್ತೆ ಮಡಚುತ್ತಿತ್ತು. ಮರುಳಸಿದ್ದಪ್ಪ ಅದನ್ನು ಊಟದ ಹೊತ್ತಿನಲ್ಲಿ ನೋಡಿದ, ಪೂಜೆಯಾದ ಮೇಲೆ ನೋಡಿದ. ಆದರೂ ಎದೆಯ ಮೊಳೆ ಅಲ್ಲಾಡಲಿಲ್ಲ. ಮಿಷನ್ನು ಕೂತರೇನು, ಎರ್ರಿಸ್ವಾಮಿ ಕೂರಲಿಲ್ಲವಲ್ಲ.

ಮಾಘದ ಒಂದು ಬೆಳಗ್ಗೆ ಸರ್ವಮಂಗಳಮ್ಮ ತೀರಿಕೊಂಡ ಸುದ್ದಿ ಬಂತು. ಎಂಬತ್ತರ ಹತ್ತಿರದ ಹಿರಿಯ ಜೀವ. ಮರುಳಸಿದ್ದಪ್ಪ ಕೋಲೂರಿ ಹೋದ. ಅವನಿಗೆ ಬಗ್ಗಲು ಆಗದೆಂದು ಬಲ್ಲವರು ಗೋಡೆಯ ಪಕ್ಕ ಒಂದು ಸ್ಟೂಲು ಹಾಕಿದರು. ಮೀಯಿಸಿ ತಂದು ಒರಗಿಸಿದ ಮೇಲೆ ಅವನು ಎಡಗಾಲು ಮಡಿಸಿದ. ಬಲಗಾಲಿಗೆ ಕೈಹಾಕುವಷ್ಟರಲ್ಲಿ ಸೊಸೆ ಸೌಭಾಗ್ಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

"ಕಾಕಾರ, ಮೆಲ್ಲಕ ನೋಡ್ರಿ. ಅತ್ತಿ ಬಿದ್ದಾಗ ಆ ಸೊಂಟಕ್ಕ ಬಟ್ಟಲು ಹಾಕ್ಸಿದ್ವಿ. ಹನ್ನೊಂದು ವರ್ಷಾತು."

ಅವನ ಕೈ ನಿಂತಿತು. ಆರು ವರ್ಷದ ಹಿಂದಿನ ಆ ಚಾಚಿದ ಕಾಲು ಕಣ್ಣ ಮುಂದೆ ಬಂತು. ಜನ ನೋಡುತ್ತಿದ್ದರು, ಹೊತ್ತು ಏರುತ್ತಿತ್ತು. "ಶಿವಾ, ನೀನೇ ಮಡಿಸು" ಎಂದು ಒಳಗೇ ಅಂದು, ಮುದುಕಿಯ ಮಂಡಿಯ ಕೆಳಗೆ ಅಂಗೈ ಕೊಟ್ಟು ಎತ್ತಿದ. ಮಂಡಿ ಮಡಿಯಿತು. ಇನ್ನು ಸೊಂಟ. ತೊಡೆಯನ್ನು ಹೊರಕ್ಕೆ ಹೊರಳಿಸುವಾಗ ಎಲ್ಲಿ ತಡೆಯುವುದೋ, ಎಲ್ಲಿ ಕಟಕ್ಕೆನ್ನುವುದೋ ಎಂದು ಬೆರಳತುದಿಯಲ್ಲೇ ಕೇಳುತ್ತ ಹೋದ. ಯಾವುದೂ ತಡೆಯಲಿಲ್ಲ. ಎಣ್ಣೆ ಬಿಟ್ಟ ಚಕ್ರದಂತೆ ಕಾಲು ತಿರುಗಿ ಬಂದು ಇನ್ನೊಂದು ಕಾಲಿನ ಮೇಲೆ ಒರಗಿತು. ಅವನು ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಹುಡುಕಿದ. ಸಿಗಲಿಲ್ಲ.

ಸರ್ವಮಂಗಳಮ್ಮ ಕೂತಿದ್ದಳು. ನೆಟ್ಟಗೆ, ದಿನಾ ಕೂತಂತೆ.

ಎಲ್ಲ ಮುಗಿದು ಕೈಕಾಲು ತೊಳೆದ ಮೇಲೆ ಅವನು ಸೌಭಾಗ್ಯಳನ್ನು ಕರೆದು ಕೇಳಿದ. "ಅಕಿ ಇದ್ದಾಗ ನೆಲದಾಗ ಕುಂದರ್ತಿದ್ಲೇನವ್ವ?"

"ಡಾಕ್ಟರು ಬ್ಯಾಡಾಂದಿದ್ರು. ಒಂದು ವರ್ಷ ಅವರ ಮಾತು ಕೇಳಿದ್ಲು. ಆಮ್ಯಾಲ ಬಾಗ್ಲ ಹಾಕ್ಕಂಡು ಪೂಜಿಗೆ ಕುಂದ್ರಾಕ ಹತ್ತಿದ್ಲು. ನಾವು ಬೈದ್ರ, ಶಿವ ಏನು ಕುರ್ಚಿ ಮ್ಯಾಲ ಕುಂತಾನೇನ ಅಂತಿದ್ಲು."

ಮನೆಗೆ ಬಂದು ಮರುಳಸಿದ್ದಪ್ಪ ಹೆಂಡತಿಗೆ ಎರ್ರಿಸ್ವಾಮಿಯ ಕಥೆ ಪೂರ್ತಿ ಹೇಳಿದ. ಆಕೆ ಕೇಳಿ ಹಣೆ ಚಚ್ಚಿಕೊಂಡಳು.

"ಅವ್ನಿಗೆ ಹೋಗಿದ್ದು ಮಂಡಿ. ನಿಮ್ದು ಸೊಂಟ. ಸೊಂಟದ ಪಟ್ಟಿಗೂ ಕಾಲಿನ ಪಟ್ಟಿಗೂ ಭೇದ ಇಲ್ದಂಗ ಕತ್ತರಿಸಿದ್ರಲ್ರಿ ಕಟಿಂಗ್ ಮಾಸ್ತರು."

ಅವನು ನಾಳಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೊರಡೋಣವೆಂದ.

ಡಾಕ್ಟರು ಹೊಸ ಫೋಟೊ ಬೇಕೆಂದಾಗ ಅವನು ತಡೆದು ಒಂದು ಮಾತು ಹೇಳಿದ. "ಸಾರ್, ನಾನು ಪ್ಯಾಂಟು ಕತ್ತರ್ಸೋನು. ನಿಂತಾಗ ತಗೊಂಡ ಅಳತಿ ನಂಬಿ ಕತ್ತರಿಸಿದ್ರ ಕುಂತಾಗ ಸೀಟು ಹರೀತೈತ್ರಿ. ನನ್ನ ಕುಂತಾಗಿನ ಅಳತೀನೂ ತಗೋರಿ."

ಆದಿನಾರಾಯಣರು ಪೆನ್ನು ಕೆಳಗಿಟ್ಟರು. "ಈಗ ನಾವೂ ಅದನ್ನೇ ಮಾಡ್ತೀವಿ ಪೆದ್ದಾಯನಾ. ನಿಂತಾಗ ಒಂದು, ಕೂತಾಗ ಒಂದು. ಕೂತಾಗ ಸೊಂಟ ಹಿಂದಕ್ಕೆ ಎಷ್ಟು ವಾಲುತ್ತೆ ನೋಡಿ ಬಟ್ಟಲನ್ನ ಓರೆ ಇಡ್ತೀವಿ. ನಾನು ಓದೋವಾಗ ಮಲಗಿಸಿ ತೆಗೆದಿದ್ದೊಂದೇ ನೋಡ್ತಿದ್ವಿ." ಆಮೇಲೆ ಕೇಳಿದರು. "ಎರಡು ವರ್ಷ ಯಾಕೆ ಬರಲಿಲ್ಲ? ಚೆಪ್ಪಂಡಿ, ಹೇಳಿ."

ಅವನು ಹೇಳಿದ. ಕೂರಿಸುವ ಸೇವೆ, ಎರ್ರಿಸ್ವಾಮಿ, ನೆನ್ನೆಯ ಸರ್ವಮಂಗಳಮ್ಮ, ಎಲ್ಲವನ್ನೂ. ಡಾಕ್ಟರು ನಗಲಿಲ್ಲ.

"ಸತ್ತ ಮೇಲಿನ ಮಾತು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಬದುಕಿರೋವಾಗಿಂದು ನಾನು ಹೇಳ್ತೀನಿ. ಮೂರು ತಿಂಗಳು ಕುರ್ಚಿನೇ. ಆಮೇಲೆ ಫೋಟೊ ನೋಡಿ, ಕಾಲು ಎಷ್ಟು ತಿರುಗುತ್ತೆ ನೋಡಿ, ಕೂರಬಹುದಾ ಬೇಡವಾ ಹೇಳ್ತೀನಿ. ಕೂರಿಸ್ತೀನಿ ಅಂತ ಮಾತು ಕೊಡಲ್ಲ. ಕೂರೋಹಂಗೆ ಅಳತೆ ತಗೋತೀನಿ, ಅಷ್ಟೇ."

ಅಳತೆ ತೆಗೆದುಕೊಳ್ಳುವವನು ಮಾತು ಕೊಡದಿರುವುದೇ ಸರಿ ಎಂದು ಮರುಳಸಿದ್ದಪ್ಪನಿಗೆ ಅನ್ನಿಸಿತು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ.

ಆಪರೇಷನ್ನಿನ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಅವನಿಗೆ ಎಚ್ಚರವಿತ್ತು. ಹಸಿರು ಬಟ್ಟೆಯ ಆಚೆ ಸುತ್ತಿಗೆಯ ಪೆಟ್ಟು ಬೀಳುತ್ತಿತ್ತು. ನೋವಿಲ್ಲ, ಬರೀ ಸದ್ದು. ಮೊದಲು ಟೊಳ್ಳು ಡಬ್ಬ ಬಡಿದಂತೆ. ಪೆಟ್ಟಿನಿಂದ ಪೆಟ್ಟಿಗೆ ಅದು ಗಟ್ಟಿಯಾಗುತ್ತ ಬಂತು. ಪಂಚಾಕ್ಷರಿ ಜಪಿಸುತ್ತಿದ್ದವನು ಎಣಿಕೆ ತಪ್ಪಿ ಅದನ್ನೇ ಆಲಿಸತೊಡಗಿದ. ಒಂದು ಪೆಟ್ಟಿಗೆ ಸದ್ದು ಪೂರಾ ಬದಲಾಯಿತು, ಬಂಡೆಗೆ ಬಡಿದಂತೆ.

"ಬಿಗಿ ಆತ್ರೀ?" ಎಂದ.

ಆಚೆಯಿಂದ ಡಾಕ್ಟರ ದನಿ ಬಂತು. "ಆಯ್ತು. ನೀವೂ ಕೇಳಿಸ್ಕೊಂಡ್ರಾ? ನಮಗೂ ಕಿವಿನೇ ಹೇಳೋದು."

ಮೂರು ತಿಂಗಳು ಕುರ್ಚಿಯಲ್ಲೇ ಪೂಜೆ ನಡೆಯಿತು. ನಾಲ್ಕನೆಯ ತಿಂಗಳಲ್ಲಿ ಫೋಟೊ ನೋಡಿದ ಡಾಕ್ಟರು ಕಾಲನ್ನು ಹಿಡಿದು ತಿರುಗಿಸಿ, ದಿನಕ್ಕೊಮ್ಮೆ, ಪೂಜೆಯ ಹೊತ್ತಿಗೆ ಮಾತ್ರ, ಕುಂಡೆಯ ಕೆಳಗೆ ದಿಂಬು ಇಟ್ಟುಕೊಂಡು ಕೂರಬಹುದು ಎಂದರು. ಮಾರನೆಯ ದಿನ ಶಿವಲಕ್ಷ್ಮಿಯೂ ಊರಿಗೆ ಬಂದಿದ್ದಳು. ದ್ರಾಕ್ಷಾಯಣಮ್ಮ ಒಂದು ರಟ್ಟೆ, ಅವಳು ಒಂದು ರಟ್ಟೆ ಹಿಡಿದು ಇಳಿಸಿದರು. ಬಲಗಾಲು ತಾನಾಗಿ ಹೊರಳಿ ಬಂದು ಮಡಿಯಿತು. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಅವನು ಕಣ್ಣು ನೆಟ್ಟ. 

ಪೂಜೆ ಮುಗಿಸಿ ಏಳಹೊರಟವನು ಅರ್ಧಕ್ಕೆ ನಿಂತು, ಗೋಡೆಗೆ ಕೈಕೊಟ್ಟು, ಇಬ್ಬರ ಹೆಗಲೂ ಹಿಡಿದು, ಬೆವೆತು ಎದ್ದ.

"ಶಿವಿ," ಎಂದ ಉಸಿರು ಕೂಡಿಸಿಕೊಳ್ಳುತ್ತ, "ಆ ನಿಮ್ಮ ಮಿಷನ್ನು ಕುಂದರಾದು ನೋಡಿದ್ನಿ. ಏಳಾದು ಎಷ್ಟು ಸಲ ಎದ್ದೈತಂತ? ಕುಂದರಾದಕ್ಕಿಂತ ಏಳಾದೇ ಜಾಸ್ತಿ ಐತವ್ವ ಭಾರ. ನಿಮ್ಮ ಎಂಜಿನಿಯರಮ್ಮಗ ಹೇಳು."

ಶಿವಲಕ್ಷ್ಮಿ ಫೋನು ತೆಗೆದಳು. "ತಡಿ ಮಾವ, ಈಗ್ಲೇ ಕೇಳ್ತೀನಿ."