ಕಂಬದ ಪಾಲಿನ ಗಾಳಿ

ಶವಪೆಟ್ಟಿಗೆಯ ಮೂರು ಮೂಲೆಗೆ ಮೂವರು ಹೆಗಲು ಕೊಟ್ಟಾಗಿತ್ತು, ನಾಲ್ಕನೆಯದು ಖಾಲಿ. ಹಾಲಿನ ಡೈರಿಯ ಇಬ್ಬರು ಗೆಳೆಯರು ಹಿಂದೆ, ಅನ್ಸೆಲ್ಮ್ ಮುಂದೆ. ಅಕ್ಕ ಒದೀಲಳ ಭಾರವನ್ನು ಹೊತ್ತುಕೊಂಡೇ ಅವನು ಕತ್ತು ಹೊರಳಿಸಿ ಚರ್ಚಿನ ಮೆಟ್ಟಿಲ ಕೆಳಗಿನ ರಸ್ತೆ ನೋಡಿದ.

“ಇನ್ನೂ ಯಾರಿಗೆ ಕಾಯ್ತೀಯೋ?” ಎಂದಳು ಪಕ್ಕದ ಮನೆಯ ಒನೊರೀನ್ ಅಜ್ಜಿ. “ಆಯುಷ್ಯವೆಲ್ಲ ಆ ಗಾಳಿ ಸುರಂಗದಲ್ಲಿ ಸವೆಸಿದಳು. ಅಲ್ಲಿಯೋರು ಒಬ್ಬರಾದ್ರೂ ಬಂದ್ರಾ?”

“ಬರ್ತಾರೆ, ಅಜ್ಜಿ.”

“ಬರೋರಾಗಿದ್ರೆ ಗಾಳಿ ನಿಲ್ಲಿಸಿ ಬರ್ತಿದ್ರು. ಕೇಳು, ಹೆಂಗೆ ಗುಂಯ್‌ಗುಡ್ತಿದೆ.”

ಕಣಿವೆಯ ತಳದಿಂದ ಸದ್ದು ಬರುತ್ತಲೇ ಇತ್ತು. ಮೇಲಿನ ಕೆರೆಯ ನೀರು ಬೆಟ್ಟದೊಳಗಿನ ಕೊಳವೆಯಲ್ಲಿ ಧುಮುಕಿ, ಮನೆಯಷ್ಟೆತ್ತರದ ರೆಕ್ಕೆಗಳನ್ನು ತಿರುಗಿಸಿ, ಸುರಂಗದೊಳಗೆ ಗಾಳಿ ಎಬ್ಬಿಸುತ್ತಿತ್ತು. ವಿಮಾನದ ಮಾದರಿಯನ್ನು ಗಾಳಿ ಎಷ್ಟು ಹಿಂದಕ್ಕೆ ಎಳೆಯುತ್ತದೆಂದು ಅಲ್ಲಿ ಅಳೆಯುತ್ತಿದ್ದರು. ಕಂಪ್ಯೂಟರ್ ಲೆಕ್ಕ ಹಾಕಿ ಹೇಳಿದ ಎಳೆತಕ್ಕೂ ಅಳೆದು ಬಂದ ಎಳೆತಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ಒದೀಲಳ ಕೆಲಸ. ತಾಳೆಯಾಗಲಿಲ್ಲ ಎಂದು ಅವಳು ಹೇಳಿದ್ದೇ ಹೆಚ್ಚು. ಊಟದ ಹೊತ್ತಿನಲ್ಲಿ ಅವಳ ಮೇಜಿಗೆ ಬಂದು ಕೂರುವವರು ಕಡಿಮೆಯಾಗುತ್ತ ಆಗುತ್ತ ಕೊನೆಗೆ ಯಾರೂ ಉಳಿದಿರಲಿಲ್ಲ.

ಪಾದ್ರಿಯೇ ನಿಲುವಂಗಿಯನ್ನು ಎತ್ತಿಕಟ್ಟಿ ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟರು. ಅವರು ಗಿಡ್ಡ. ಪೆಟ್ಟಿಗೆ ಸ್ಮಶಾನದವರೆಗೂ ಒಂದು ಕಡೆಗೆ ವಾಲಿಕೊಂಡೇ ಹೋಯಿತು.

*

ಹಿಂದಿನ ಚಳಿಗಾಲದ ಒಂದು ಸಂಜೆ ಒದೀಲ್ ಬೇಗ ಮನೆಗೆ ಬಂದಿದ್ದಳು.

“ಏನಕ್ಕಾ, ನಿಮ್ಮಲ್ಲಿ ಇವತ್ತು ಪಾರ್ಟಿಯಂತೆ? ಲೆಕ್ಕ ತಾಳೆಯಾಯ್ತಂತೆ?” ಎಂದ ಅನ್ಸೆಲ್ಮ್, ಕೊಟ್ಟಿಗೆಯ ಬೂಟು ಕಳಚುತ್ತ.

“ಆಯ್ತು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.” ಅವಳು ಸೂಪಿಗೆ ಬ್ರೆಡ್ಡು ಮುರಿದು ಹಾಕಿದಳು. “ನೀನು ಹಾಲು ತೂಗುವಾಗ ಕ್ಯಾನಿನ ತೂಕ ಕಳೀತೀಯಲ್ಲ?”

“ಕಳೀದೆ ಇದ್ರೆ ಡೈರಿಯೋರು ಬಿಡ್ತಾರಾ?”

“ಹೊಸ ದಪ್ಪ ಕ್ಯಾನು ತಂದು, ಹಳೇ ಕ್ಯಾನಿನ ತೂಕ ಕಳೆದ್ರೆ?”

“ಆಗ ತಗಡಿಗೂ ಹಾಲಿನ ರೇಟು!” ಅವನು ನಕ್ಕ.

ಅವಳು ನಗಲಿಲ್ಲ. “ನಮ್ಮಲ್ಲಿ ಆಗಿರೋದು ಅದೇ. ಮಾದರಿ ವಿಮಾನವನ್ನ ಹೊತ್ತು ನಿಲ್ಲೋ ಕಂಬ ಬದಲಾಯಿಸಿದ್ರು. ಹೊಸದು ದಪ್ಪ. ಅದರ ಪಾಲಿನ ಎಳೆತ ಅಳೀಲೇ ಇಲ್ಲ, ಹಳೇದರ ಅಂಕಿ ಕಳೆದು ಕೂತ್ರು. ಕಂಪ್ಯೂಟರಿನ ಲೆಕ್ಕದಲ್ಲಂತೂ ಕಂಬವೇ ಇಲ್ಲ. ಆದ್ರೂ ಎರಡೂ ಒಂದೇ ಬಂತು ಅಂದ್ರೆ, ಆ ಲೆಕ್ಕವೂ ಅಷ್ಟೇ ತಪ್ಪಿದೆ ಅಂತ. ವಿಮಾನ ಇಳಿಸಿ ಬರೀ ಕಂಬಕ್ಕೆ ಒಂದು ಸಲ ಗಾಳಿ ಬಿಡಿ ಅಂದೆ. ಒಪ್ಪಲಿಲ್ಲ.”

“ಎಲ್ಲರೂ ಸರಿ ಅಂದಮೇಲೆ ನೀನೂ ಒಂದು ಸಲ ಸರಿ ಅಂದುಬಿಡು. ನಿನ್ನ ಗಂಟೇನು ಹೋಗುತ್ತೆ?”

ಒದೀಲ್ ತಮ್ಮನ ಮುಖ ನೋಡಿದಳು. ಆಮೇಲೆ ಬಟ್ಟಲು ತೊಳೆದು ಬೋರಲು ಹಾಕಿ ಮಹಡಿಗೆ ಹೋದಳು. ಮತ್ತೆಂದೂ ಅವನ ಮುಂದೆ ಕೆಲಸದ ಮಾತು ತೆಗೆಯಲಿಲ್ಲ.

*

ಮಣ್ಣು ಮುಚ್ಚಿ ಜನ ಚದುರುವಾಗ ಏದುಸಿರು ಬಿಡುತ್ತ ಒಬ್ಬ ಏರು ಹತ್ತಿ ಬಂದ. ಅವನು ಲೋಯಿಕ್, ಒದೀಲ್ ಒಪ್ಪದ ಆ ಲೆಕ್ಕ ಮಾಡಿದವನು.

“ಈಗ ಬಂದ್ಯಾ?” ಎಂದ ಅನ್ಸೆಲ್ಮ್. “ಹೊರೋಕೆ ಆಳಿಲ್ಲದೆ ಪಾದ್ರಿಗಳು ಹೊತ್ತರು. ಒಂದು ದಿನ ಆ ಗಾಳಿ ನಿಲ್ಲಿಸಿದ್ರೆ ನಿಮ್ಮದೇನು ಮುಳುಗಿ ಹೋಗ್ತಿತ್ತು?”

“ಕೆರೆ ನೀರು ಇವತ್ತೇ ಬಿಟ್ಟರು, ಯಜಮಾನರೇ. ಇವತ್ತು ತಪ್ಪಿದ್ರೆ ಇನ್ನು ಬೇಸಿಗೆಗೆ ಹಿಮ ಕರಗಿದ ಮೇಲೇ. ಎಲ್ಲರೂ ಅಲ್ಲೇ ಇದೀವಿ.” ಲೋಯಿಕ್ ಟೋಪಿ ತೆಗೆದ. “ಮುಂದಿನ ವಿಮಾನ ಕೂರಿಸಿದಾಗ ಯಾವ ಅಂಕಿಯೂ ತಾಳೆಯಾಗಲಿಲ್ಲ. ಆಗ ನಿಮ್ಮಕ್ಕನ ಮಾತು ನೆನಪಾಯ್ತು. ಅವರು ಕೇಳಿದ್ದನ್ನೇ ಮಾಡ್ತಿದೀವಿ.”

“ಮಣ್ಣಾದ ದಿನ!” ಎಂದಳು ಅಜ್ಜಿ.

ಲೋಯಿಕ್ ತಲೆ ಎತ್ತಲಿಲ್ಲ. ಅನ್ಸೆಲ್ಮ್ ಕೈಗಂಟಿದ ಮಣ್ಣು ಒರೆಸಿಕೊಂಡು, “ನಡಿ, ನೋಡ್ತೀನಿ,” ಎಂದ.

ಕಪ್ಪು ಕೋಟಿನಲ್ಲೇ ಅವನು ಕೆಳಗಿಳಿದ. ಸದ್ದಿಗೆ ಕಾಲಡಿಯ ನೆಲ ನಡುಗುತ್ತಿತ್ತು. ಉಪಕರಣಗಳ ಮುಂದಿದ್ದವರು ಅವನನ್ನು ಕಂಡು ಎದ್ದು ನಿಂತರು. ಲೋಯಿಕ್ ದಪ್ಪ ಗಾಜಿನ ಕಿಟಕಿ ತೋರಿಸಿದ.

“ಎಷ್ಟು ಬಂತು?” ಎಂದು ಅನ್ಸೆಲ್ಮ್ ಅವನ ಕಿವಿಯ ಹತ್ತಿರ ಕೂಗಿ ಕೇಳಿದ.

“ಇನ್ನೂ ಅಳೀತಿದೀವಿ.”

ಅನ್ಸೆಲ್ಮ್ ಗಾಜಿಗೆ ಹಣೆಯಿಟ್ಟು ನೋಡಿದ. ಬೆಳ್ಳಗಿನ ಆ ದೊಡ್ಡ ಸುರಂಗದ ನಡುವೆ ಮೇಲೆ ಏನನ್ನೂ ಹೊರದೆ ಒಂದೇ ಒಂದು ಕಂಬ ನಿಂತಿತ್ತು. ಬೆಟ್ಟದ ನೀರೆಲ್ಲ ಇಳಿದು ಗಾಳಿಯಾಗಿ ಅದರ ಮೈಗೆ ಬಡಿಯುತ್ತಿತ್ತು.