ಅರವತ್ತೈದು ಕೆ.ಜಿ. ಬೆಲ್ಲ

ತ್ಯಾಗರಾಜನಗರದ ಚೂಡಾಮಣಿಯವರ ತೂಕ ಹನ್ನೆರಡು ವರ್ಷಗಳಿಂದ ಅರವತ್ತೈದು ಕೆ.ಜಿ. ಎಂದರೆ ಅರವತ್ತೈದೇ. ಕೇಳಿದವರಿಗೆಲ್ಲ ಅದೇ ಉತ್ತರ. ರಾತ್ರಿ ಅನ್ನ ಮುಟ್ಟುವುದಿಲ್ಲ, ಬರೀ ಫಲಾಹಾರ. ಆ ಫಲಾಹಾರವೆಂದರೆ ನಾಲ್ಕು ದೋಸೆ, ಮೇಲೊಂದು ಬಟ್ಟಲು ಅವಲಕ್ಕಿ ಎನ್ನುವುದು ಬೇರೆ ಮಾತು. ಮಂಡಿನೋವಿಗೆ ಹೋದಾಗ ಡಾಕ್ಟರು ತೂಕ ನೋಡೋಣ ಎಂದರೆ, "ಮನೇಲೇ ನೋಡ್ಕೊಂಡ್ ಬಂದೆ" ಎಂದು ಜಾರಿಕೊಳ್ಳುತ್ತಿದ್ದರು.

ಈಗ ಜಾರುವ ಹಾಗಿರಲಿಲ್ಲ. ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕುವಾಗ ಗಂಡ ಬದರಿನಾಥರು ತುಲಾಭಾರದ ಹರಕೆ ಹೊತ್ತಿದ್ದರು: ಆಕೆಯ ತೂಕದಷ್ಟು ಬೆಲ್ಲ ದೇವರಿಗೆ. ಹೆಂಡತಿಯ ಮಾತೇ ವೇದವೆಂದು ನಂಬಿದ ಆ ಪುಣ್ಯಾತ್ಮರು ತಂದದ್ದು ಸರಿಯಾಗಿ ಅರವತ್ತೈದು ಕೆ.ಜಿ.

ಶನಿವಾರ ಬೆಳಿಗ್ಗೆ ದೇವಸ್ಥಾನದ ತುಂಬ ಪಾರ್ಕಿನ ವಾಕಿಂಗ್ ಗೆಳತಿಯರು. ಚೂಡಾಮಣಿಯವರು ತಕ್ಕಡಿಯಲ್ಲಿ ಕೂತರು. ಬೆಲ್ಲವೆಲ್ಲ ಎದುರು ತಟ್ಟೆಗೇರಿತು. ಅವರ ತಟ್ಟೆ ಅಲ್ಲಾಡಲಿಲ್ಲ. ಇದೇ ಅವಮಾನಕ್ಕೆ ಹೆದರಿ ಅವರು ವರ್ಷವಿಡೀ ಹರಕೆ ಮುಂದೂಡಿದ್ದು. ಭೂಮಿ ಬಾಯಿಬಿಡಬಾರದೇ ಎನಿಸಿತು.

"ತಕ್ಕಡಿ ಕೆಟ್ಟಿದ್ಯಾ?" ಬದರಿನಾಥರು ಕೇಳಿದರು.

"ತಕ್ಕಡಿ ಚೆನ್ನಾಗೇ ಇದೆ ಸಾರ್. ಉಗ್ರಾಣದಿಂದ ಬೆಲ್ಲ ತರ್ಸ್ತೀನಿ, ಆಮೇಲೆ ತಂದು ತುಂಬ್ಕೊಡಿ" ಎಂದರು ಅರ್ಚಕ ತಿರುಮಲೇಶ.

ಐದು, ಹತ್ತು, ಇಪ್ಪತ್ತು. ಇಪ್ಪತ್ತಾರನೆಯ ಕೆ.ಜಿ. ಬಿದ್ದಾಗ ತಟ್ಟೆ ಮೆಲ್ಲಗೆ ಎದ್ದಿತು. ಪಾದ ನೆಲ ಬಿಟ್ಟಿತು. ಮಂಡಿನೋವು ಎಲ್ಲಿ ಹೋಯಿತೋ!

ಎದುರಿಗೆ ಬೆಲ್ಲದ ಗುಡ್ಡ. ಅದನ್ನು ಕಂತುಕಂತಾಗಿ ಹೊತ್ತು ತಂದ ಇಬ್ಬರು ಗಂಡಸರು ಇನ್ನೂ ಏದುಸಿರು ಬಿಡುತ್ತಿದ್ದರು. ಅಬ್ಬಾ, ಅಷ್ಟನ್ನೂ ದಿನಾ ಮಹಡಿ ಹತ್ತಿಸಿ ಇಳಿಸಿದ್ದು ಈ ಎರಡು ಮಂಡಿಗಳೇ? ಹಾಳು ಮಂಡಿ, ದರಿದ್ರ ಮಂಡಿ ಎಂದು ತಾವು ಬೈದದ್ದು ಇವನ್ನೇ? ಸುತ್ತ ಜನ ನೋಡುತ್ತಿರುವುದೇ ಚೂಡಾಮಣಿಯವರಿಗೆ ಮರೆತುಹೋಯಿತು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವ ಹಾಗೆ ಎರಡೂ ಮಂಡಿಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕೆಳಗಿಳಿದಾಗ ಗೆಳತಿ ನೀಲಗಂಗಮ್ಮ ಹತ್ತಿರ ಬಂದು, "ಎಷ್ಟಾಯ್ತ್ರೀ?" ಎಂದರು.

ಬದರಿನಾಥರು ಹೆಂಡತಿಯ ಮುಖ ನೋಡಿ, "ಅರವತ್ತೈದೇ. ಮಿಕ್ಕಿದ್ದು ನಾವಾಗೇ ಕೊಟ್ಟಿದ್ದು" ಎಂದರು.

"ತೊಂಬತ್ತೊಂದು ಕಣ್ರೀ" ಎಂದರು ಚೂಡಾಮಣಿ, ಎಲ್ಲರಿಗೂ ಕೇಳುವ ಹಾಗೆ. "ಸೋಮವಾರ ಡಾಕ್ಟರ್ ಹತ್ರಾನೂ ಅಷ್ಟೇ ಹೇಳ್ತೀನಿ. ಪಾಪ, ಇವು ಇನ್ನೆಷ್ಟು ದಿನ ಹೊರ್ತಾವೆ?"